ಸಾಕು ಅಂದವರಿಗೆ ಇನ್ನೊಂದು

ನಮ್ಮ ಮುದ್ದೇಬಿಹಾಳದ ಕಡೆ ಊಟಕ್ಕೆ ಕೂತವರು ‘ಸಾಕು’ ಅಂದರೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲ ‘ಸಾಕು’ ಬರೀ ಮರ್ಯಾದೆಗೆ. ಎರಡನೆಯದು ಬಡಿಸುವವರ ಮನಸ್ಸು ಎಷ್ಟು ದೊಡ್ಡದು ಎಂದು ನೋಡುವುದಕ್ಕೆ. ಆಮೇಲೂ ಸಾಕು ಎಂದು ಎರಡೂ ಕೈ ತಾಟಿನ ಮೇಲೆ ಅಡ್ಡ ಹಿಡಿದರೆ, ಅವರ ಹೊಟ್ಟೆ ತುಂಬುತ್ತ ಬಂದಿರಬಹುದೇನೋ ಎಂಬ ಸಣ್ಣ ಅನುಮಾನ ನಮಗೆ ಬರುತ್ತದೆ. ಆಗ ಬೆರಳ ಸಂದಿಯಿಂದ ಹೋಳಿಗೆ ತೂರಿಸಬೇಕು. ನಮ್ಮವ್ವ ಈ ವಿದ್ಯೆಯಲ್ಲಿ ಎತ್ತಿದ ಕೈ. ಅವಳ ಮಗಳಾದ ನಾನೂ ಕಡಿಮೆಯವಳೇನಲ್ಲ. ಇಂಥ ನಾನು ಅತಿಥಿಗಳನ್ನು ನೋಡಿಕೊಳ್ಳುವುದು ಹೇಗೆ ಎಂದು ಕಲಿಯಲು ಸ್ವಿಟ್ಜರ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಹೋದದ್ದು ನನ್ನ ಗ್ರಹಚಾರವೋ, ಆ ದೇಶದವರ ಗ್ರಹಚಾರವೋ, ಇವತ್ತಿಗೂ ತೀರ್ಮಾನವಾಗಿಲ್ಲ.

ಹೊರಡುವಾಗಲೇ ಗೊಂದಲ ಶುರುವಾಗಿತ್ತು. ‘ಹಾಸ್ಪಿಟ್ಯಾಲಿಟಿ ಕಲಿಯಾಕ ಹೊಂಟೇನಿ’ ಎಂದದ್ದು ಪಕ್ಕದ ಮನೆಯ ಮಾಬೂಬಿ ಅಜ್ಜಿಗೆ ಅರ್ಧವೇ ಕೇಳಿಸಿ, ‘ಡಾಕ್ಟರಾಗಿ ಬಂದಕೂಡ್ಲೆ ಮೊದಲ ನನ್ನ ಮೊಣಕಾಲ ನೋಡವ್ವಾ’ ಎಂದು ಸೀರೆ ಮೇಲೆತ್ತಿ ತೋರಿಸಿಯೇಬಿಟ್ಟಳು. ವಿಷಯ ಸರಿಯಾಗಿ ತಿಳಿದಿದ್ದ ನಮ್ಮ ಕಾಕಾನದು ಬೇರೆಯೇ ತಕರಾರು. ‘ತಾಟು ಎತ್ತೂದು ಕಲಿಯಾಕ ಅಷ್ಟು ದೂರ ಯಾಕ? ಬಸ್‌ಸ್ಟ್ಯಾಂಡ್ ಎದುರಿಗೇ ಖಾನಾವಳಿ ಐತಿ. ನಾ ಮಾತಾಡ್ತೇನಿ, ನಾಳಿಂದನ ಹಚ್ಕೋತಾರ.’ ಬಟ್ಟೆ ಅಂಗಡಿಯ ನಮ್ಮಪ್ಪ ಮಾತ್ರ ಮಗಳು ಪರದೇಶದಲ್ಲಿ ಕಲಿಯುತ್ತಾಳೆ ಎಂದು ಬಂದ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದ.

ಒಂದು ವರ್ಷ ಪಾಠವಾದ ಮೇಲೆ ನನ್ನನ್ನು ಕೆರೆದಂಡೆಯ ಒಂದು ಹೋಟೆಲಿಗೆ ಇಂಟರ್ನ್‌ಶಿಪ್‌ಗೆ ಹಾಕಿದರು. ಅವರದನ್ನು ಸರೋವರ ಎನ್ನಬೇಕು. ನಮ್ಮ ಕಣ್ಣಿಗೆ ಅದು ನಮ್ಮೂರ ಕಡೆಯ ಕೊಲ್ಹಾರದ ಹಿನ್ನೀರಿನಂತೆಯೇ, ಆದರೆ ಇಸ್ತ್ರಿ ಮಾಡಿದಂತಿತ್ತು. ಬೆಳಗಿನ ಉಪಾಹಾರದ ಕೋಣೆಯಲ್ಲಿ ನನಗೆ ಕೆಲಸ. ಅಲ್ಲಿಯ ಮೇಲ್ವಿಚಾರಕಿ ಬ್ರಿಗಿಟಾ ಮೇಡಂ. ಅವರು ‘ಪಾಸು’ ಎನ್ನದಿದ್ದರೆ ಮುಂದಿನ ವರ್ಷದ ತರಗತಿಗೆ ಹೋಗುವಂತಿಲ್ಲ.

ಮೊದಲ ದಿನವೇ ಕಿಟಕಿಯ ಪಕ್ಕದ ಮೇಜಿಗೆ ಒಬ್ಬ ಮುದುಕರು ಬಂದರು. ಬಿದಿರುಕೋಲಿನಂತಹ ಮನುಷ್ಯ. ಕ್ರುವಾಸಾಂ ಎಂಬ ಅರ್ಧಚಂದ್ರದ ಆಕಾರದ, ಬಾಯಲ್ಲಿಟ್ಟರೆ ಗಾಳಿಯಾಗುವ ಒಂದು ಬ್ರೆಡ್ಡು ತಿಂದು ಬಾಯಿ ಒರೆಸಿಕೊಂಡರು. ಪಾಪ, ಹಸಿದೇ ಏಳುತ್ತಾರಲ್ಲ ಎನಿಸಿತು. ಬುಟ್ಟಿ ತಂದು ‘ಇನ್ನೊಂದು?’ ಎಂದೆ. ‘ಬೇಡ, ಧನ್ಯವಾದ’ ಎಂದರು. ಎಂಥ ಸಂಭಾವಿತರು, ನಮ್ಮವರ ಹಾಗೆಯೇ ಸಂಕೋಚ, ಎಂದುಕೊಂಡು ಒಂದನ್ನು ಹಾಕಿದೆ. ಅವರು ನನ್ನನ್ನೊಮ್ಮೆ, ಬ್ರೆಡ್ಡನ್ನೊಮ್ಮೆ ನೋಡಿ ತಿಂದರು. ಮತ್ತೆ ಹೋದೆ. ಈ ಸಲ ಅವರು ಎರಡೂ ಕೈ ತಟ್ಟೆಗೆ ಅಡ್ಡ ಹಿಡಿದರು. ನನಗೆ ಊರಿಗೇ ಬಂದಷ್ಟು ಸಂತೋಷವಾಗಿ, ಬೆರಳ ಸಂದಿಯಿಂದ ತೂರಿಸಿಬಿಟ್ಟೆ.

ಮರುದಿನ ಅವರು ಕಂಬದ ಮರೆಯಲ್ಲಿ ಕೂತಿದ್ದರು. ಹುಡುಕಿ ಹೋಗಿ ಬಡಿಸಿದೆ. ಹೊಸದಾಗಿ ಮದುವೆಯಾದ ಜೋಡಿಯೊಂದು ನಾನು ಕೋಣೆಯೊಳಗೆ ಬರುವುದನ್ನು ಕಂಡು ಕಾಫಿ ಅರ್ಧಕ್ಕೆ ಬಿಟ್ಟು ಎದ್ದುಹೋಯಿತು. ಎಷ್ಟು ನಾಚಿಕೆಯ ಜನ ಎಂದುಕೊಂಡೆ. ಬ್ರಿಗಿಟಾ ಮೇಡಂ ನನ್ನನ್ನು ಕರೆದು ಕೂರಿಸಿದರು.

‘ಬೇಡ ಅಂದರೆ ಬೇಡ. ಇದರಲ್ಲಿ ನಿನಗೆ ಅರ್ಥವಾಗದ್ದು ಏನು?’

‘ನಮ್ಮಲ್ಲಿ ಬೇಡ ಅಂದರೆ ಇನ್ನೂ ಸ್ವಲ್ಪ ಹಾಕಿ ಅಂತ, ಮೇಡಂ.’

‘ಹಾಗಾದರೆ ನಿಜವಾಗಿಯೂ ಬೇಡವಾದವರು ಏನು ಹೇಳುತ್ತಾರೆ?’

‘ನಿಜವಾಗಿಯೂ ಬೇಡವಾದವರು ಊಟಕ್ಕೇ ಬರುವುದಿಲ್ಲ, ಮೇಡಂ.’

ಮೇಡಂ ಕಣ್ಣು ಮುಚ್ಚಿಕೊಂಡರು. ಇನ್ನೊಬ್ಬ ಅತಿಥಿ ದೂರು ಕೊಟ್ಟರೆ ಇಂಟರ್ನ್‌ಶಿಪ್ ಮುಗಿದಂತೆ ಎಂದರು. ಅಳುತ್ತ ಅವ್ವನಿಗೆ ಫೋನ್ ಮಾಡಿದೆ. ‘ಬಡಿಸಿದ್ದಕ್ಕ ಬೈದ್ರವ್ವಾ’ ಎಂದರೆ ಅವಳಿಗೆ ನಂಬಿಕೆಯೇ ಬರಲಿಲ್ಲ. ‘ಬಡಸಲಿಲ್ಲಂತ ಬೈದಿರಬೇಕು, ಸರಿಯಾಗಿ ಕೇಳಿಸ್ಕೋ’ ಎಂದಳು.

ಅಂದಿನಿಂದ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ‘ಬೇಡ’ ಎಂದ ಕೂಡಲೇ ಒಂದು ಮುಗುಳ್ನಗೆ, ಒಂದು ಹೆಜ್ಜೆ ಹಿಂದೆ. ಕನ್ನಡಿಯ ಮುಂದೆ ನಿಂತು ಇದನ್ನು ಭರತನಾಟ್ಯದಂತೆ ಅಭ್ಯಾಸ ಮಾಡಿದೆ. ಮುದುಕರು ಮತ್ತೆ ಕಿಟಕಿಯ ಪಕ್ಕಕ್ಕೆ ಬಂದರು. ಬುಟ್ಟಿ ಹಿಡಿದೆ; ‘ಬೇಡ’ ಎಂದರು; ಹಿಂದೆ ಸರಿದೆ. ಅವರು ಸ್ವಲ್ಪ ಹೊತ್ತು ಬುಟ್ಟಿಯನ್ನೇ ನೋಡುತ್ತ ಕೂತಿದ್ದರು. ಯಾಕೋ ಮುಖ ಸಪ್ಪಗಾದಂತಿತ್ತು. ನಾನು ಜಪ್ಪಯ್ಯ ಎಂದರೂ ಕದಲಲಿಲ್ಲ. ಮೇಡಂ ನನ್ನನ್ನು ಪಾಸು ಮಾಡಿ, ‘ಇಷ್ಟು ಬದಲಾದವರನ್ನು ನಾನು ನೋಡಿಯೇ ಇಲ್ಲ’ ಎಂದು ಬೆನ್ನು ತಟ್ಟಿದರು.

ರಜೆಗೆ ಊರಿಗೆ ಬಂದಾಗ ಅಣ್ಣನ ಮದುವೆ ಬಸವನ ಬಾಗೇವಾಡಿಯ ಮನೆತನದೊಂದಿಗೆ ಗೊತ್ತಾಗಿತ್ತು. ಬೀಗರು ಮೊದಲ ಸಲ ನಮ್ಮಲ್ಲಿ ಊಟಕ್ಕೆ ಬಂದರು. ಅವ್ವನಿಗೆ ಹೆಮ್ಮೆ. ‘ಇವತ್ತು ನಮ್ಮ ಹುಡುಗೀನ ಬಡಸ್ತಾಳ್ರಿ, ಪರದೇಶದಾಗ ಕಲತು ಬಂದಾಳ’ ಎಂದು ಸಾರಿದಳು. ಬೀಗರದು ಆರಡಿ ಆಳು, ಹುರಿಮೀಸೆ. ನಮ್ಮ ಹೋಳಿಗೆಗೆ ನ್ಯಾಯ ಒದಗಿಸಲೆಂದು ಬೆಳಗಿನಿಂದ ಬರೀ ಚಹಾದ ಮೇಲಿದ್ದರಂತೆ. ಒಂದು ಹೋಳಿಗೆ ಹಾಕಿದೆ. ‘ಸಾಕವ್ವಾ’ ಎಂದರು. ಮುಗುಳ್ನಗೆ, ಒಂದು ಹೆಜ್ಜೆ ಹಿಂದೆ. ಅವರು ತಲೆ ಎತ್ತಿ ನೋಡಿದರು. ಅನ್ನ ಒಂದು ಸೌಟು ಹಾಕುತ್ತಲೇ ‘ಸಾಕು’. ಮುಗುಳ್ನಗೆ, ಹೆಜ್ಜೆ ಹಿಂದೆ. ಪಕ್ಕದಲ್ಲಿದ್ದ ಅವರ ತಮ್ಮ ಇದನ್ನು ಕಂಡು ‘ಸಾಕು’ ಅನ್ನಲೇ ಹೆದರಿದರೂ ಬಾಯಿ ತಪ್ಪಿ ಅಂದುಬಿಟ್ಟರು. ಅವರದೂ ಮುಗಿಯಿತು. ಇಡೀ ಪಂಕ್ತಿ ಬೇಗನೆ ಕೈ ತೊಳೆದು ಎದ್ದಿತು.

ಒಳಗೆ ಹೋದರೆ ಅವ್ವ ಹೋಳಿಗೆ ತುಂಬಿದ್ದ ಬುಟ್ಟಿ ನೋಡಿ ಗಾಬರಿಯಾದಳು. ‘ಯಾಕ, ಯಾರೂ ಉಣ್ಣಲಿಲ್ಲೇನ?’

‘ಸಾಕಂದ್ರವ್ವಾ.’

‘ಸಾಕಂದ್ರ ಬಿಟ್ಟ ಬಂದಿ?’ ಅವ್ವ ಹಣೆ ಬಡಿದುಕೊಂಡಳು.

ಸಂಜೆಯೊಳಗೆ ಸುದ್ದಿ ಬಂತು: ಬೀಗರ ಗಾಡಿ ದಾರಿಯ ಧಾಬಾದ ಮುಂದೆ ನಿಂತಿತ್ತು, ಒಳಗೆ ಅವರೆಲ್ಲ ರೊಟ್ಟಿ ಮೇಲೆ ರೊಟ್ಟಿ ತಿನ್ನುತ್ತಿದ್ದರು. ಹಿಂದೆಯೇ ಬೀಗರ ಫೋನು. ‘ತಪ್ಪು ತಿಳ್ಕೋಬ್ಯಾಡ್ರಿ. ನಮ್ಮ ಹುಡುಗಿ ಅಷ್ಟು ಕಡಿಮಿ ಉಂಡು ಬಾಳ್ವೆ ಮಾಡಾಕಿ ಅಲ್ರಿ. ಒಂದೀಟು ವಿಚಾರ ಮಾಡ್ತೇವಿ.’ ಅಣ್ಣ ನನ್ನ ಕಡೆ ನೋಡಿದ ನೋಟಕ್ಕೆ ನಾನು ಸುಟ್ಟು ಬೂದಿಯಾಗದೆ ಉಳಿದದ್ದೇ ದೊಡ್ಡದು.

ಮರುದಿನ ಅವ್ವ ಹೊಸದಾಗಿ ಹೋಳಿಗೆ ಮಾಡಿ, ನನ್ನನ್ನೂ ಎಳೆದುಕೊಂಡು ಬಾಗೇವಾಡಿಗೆ ಹೊರಟಳು. ಬೀಗರನ್ನು ಕೂರಿಸಿ ‘ಹಾಕು’ ಎಂದು ನನ್ನ ಪಕ್ಕೆಗೆ ತಿವಿದಳು. ಹಾಕಿದೆ. ಅವರು ಸಾಕೆಂದರು, ಹಾಕಿದೆ. ತಾಟು ಎತ್ತಿಕೊಂಡು ಓಡಲು ನೋಡಿದರು, ಹಿಂದೆ ಹೋಗಿ ಹಾಕಿದೆ. ಕೊನೆಗೆ ಅವರು ಬೆವರು ಒರೆಸಿಕೊಳ್ಳುತ್ತ, ಮುಖವೆಲ್ಲ ಹಿಗ್ಗಿ, ‘ಏನ ಹೇಳ್ರಿ, ಆ ದೇಶದಾಗ ಚಲೋ ಕಲಿಸ್ಯಾರ’ ಎಂದರು. ಮದುವೆ ಗಟ್ಟಿಯಾಯಿತು.

ಈಗ ನಾನು ಮತ್ತೆ ಸ್ವಿಟ್ಜರ್ಲೆಂಡಿನಲ್ಲಿದ್ದೇನೆ, ಎರಡನೆಯ ಇಂಟರ್ನ್‌ಶಿಪ್. ಬಡಿಸುವ ಮೊದಲು ಅತಿಥಿಗಳನ್ನು ‘ನೀವು ಎಲ್ಲಿಯವರು?’ ಎಂದು ಕೇಳಿಬಿಡುತ್ತೇನೆ. ಎಲ್ಲರೂ ನನ್ನ ಆಸಕ್ತಿಯನ್ನು ಮೆಚ್ಚುತ್ತಾರೆ. ಮೊನ್ನೆ ಮಾತ್ರ ಒಬ್ಬರು ‘ಬೇಡಮ್ಮ’ ಎಂದು ಕನ್ನಡದಲ್ಲೇ ಹೇಳಿ, ‘ಹುಟ್ಟಿದ್ದು ಸಿಂದಗಿ, ಬೆಳೆದದ್ದೆಲ್ಲ ಇಲ್ಲೇ’ ಎಂದು ನಕ್ಕರು. ಸಿಂದಗಿ ನಮ್ಮ ಜಿಲ್ಲೆಯದೇ ಊರು. ನಾನು ಬುಟ್ಟಿಯನ್ನು ಅವರ ಮೇಜಿನ ಮೇಲೆ ಇಟ್ಟು ಅಡುಗೆಮನೆಗೆ ಓಡಿ ಬಾಗಿಲು ಹಾಕಿಕೊಂಡೆ.