ಹನ್ನೊಂದು ಆರ್ಕಿಡ್‌ಗಳು ಮತ್ತು ನೀಲಿ ನಲ್ಲಿ

ಜೂನ್ ತಿಂಗಳು ಬಂತೆಂದರೆ ಮಸ್ಕತ್ತಿನ ನಮ್ಮ ಬೀದಿ ಖಾಲಿಯಾಗುತ್ತದೆ. ಶಾಲೆಗೆ ರಜೆ ಬಿದ್ದ ಮರುದಿನವೇ ಮಂಗಳೂರಿನವರು ಮಂಗಳೂರಿಗೆ, ಮೈಸೂರಿನವರು ಮೈಸೂರಿಗೆ ವಿಮಾನ ಹತ್ತುತ್ತಾರೆ. ಹೋಗದೆ ಉಳಿದ ಒಂದು ಮನೆಗೆ ಮಿಕ್ಕೆಲ್ಲ ಮನೆಗಳ ಕೀಲಿಕೈ, ಮೀನಿನ ತೊಟ್ಟಿ, ಗಿಳಿ, ತುಳಸಿ ಕುಂಡ ಬಂದು ಸೇರುತ್ತವೆ. ಆ ವರ್ಷ ಆಫೀಸಿನವರು ನನಗೆ ರಜೆ ಕೊಡಲಿಲ್ಲವಾದ್ದರಿಂದ ಉಳಿದ ಮನೆ ನಮ್ಮದು.

ಎದುರು ಮನೆಯ ಲವೀನಾ ಬಾಯಿ ತಂದದ್ದು ಹನ್ನೊಂದು ಆರ್ಕಿಡ್ ಗಿಡ. ಅವರು ಉಡುಪಿ ಹತ್ತಿರದ ಶಿರ್ವ ಕಡೆಯವರು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಸೆಪ್ಟೆಂಬರ್ ಎಂಟಕ್ಕೆ ಅವರಿಗೆ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮುಂಚಿನ ಒಂಬತ್ತು ದಿನ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಆ ಹೂ ಅಂಗಡಿಯದ್ದಾಗಿರಬಾರದು, ಮನೆಯಲ್ಲೇ ಅರಳಿದ್ದಾಗಿರಬೇಕು ಎಂಬುದು ಲವೀನಾ ಬಾಯಿಯ ವ್ರತ. ಊರಿನಲ್ಲಾದರೆ ಬೇಲಿಗೆ ಕೈ ಚಾಚಿದರೆ ಆಯಿತು. ಈ ಮರಳುಗಾಡಿನಲ್ಲಿ ಅವರು ಬಿಳಿ ಆರ್ಕಿಡ್ ಸಾಕಿ, ಒಂಬತ್ತು ವರ್ಷದಿಂದ ಒಂದು ಸಲವೂ ತಪ್ಪದೆ ಹೂ ಒಪ್ಪಿಸಿದ್ದರು. ಈ ಸಲದ ಹೂಕಡ್ಡಿಗಳೂ ಆಗಲೇ ಬೆರಳುದ್ದ ಹೊರಟಿದ್ದವು.

“ಹಾಲ್‌ನಲ್ಲಿ ಕಿಟಕಿ ಹತ್ರ ಇಡಿ. ಎಸಿ ಹೇಗೂ ಉಂಟಲ್ಲ. ವಾರಕ್ಕೆ ಎರಡು ಸಲ ಕುಡಿಯುವ ನೀರು ಒಂದೊಂದು ಲೋಟ ಹಾಕಿ. ಬೇರೆ ಎಂತ ಮಾಡ್ಲಿಕ್ಕೂ ಹೋಗ್ಬೇಡಿ ಮಾರಾಯ್ರೇ,” ಎಂದು ಹೇಳಿ ಅವರು ವಿಮಾನ ಹತ್ತಿದರು.

ಕೊನೆಯ ವಾಕ್ಯ ನನ್ನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೂ ಅದು ನನ್ನಂಥವರಿಗೆ ಅನ್ವಯಿಸದು ಎಂದುಕೊಳ್ಳುತ್ತಿದ್ದೆ. ಏಕೆಂದರೆ ನಾನು ಸಾಮಾನ್ಯನಲ್ಲ. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ನೀರಿನ ಪೈಪು ಎಲ್ಲಿ ಹಾಯಬೇಕು, ಯಾವುದರಲ್ಲಿ ತಣ್ಣೀರು ಬರಬೇಕು, ಯಾವುದರಲ್ಲಿ ಬಿಸಿನೀರು ಬರಬೇಕು ಎಂದು ನಕ್ಷೆ ಬರೆಯುವುದೇ ಹದಿನಾರು ವರ್ಷದಿಂದ ನನ್ನ ಕಸುಬು. ಇಂಥವನ ಕೈಗೆ ಹನ್ನೊಂದು ಗಿಡ ಕೊಟ್ಟು ಲೋಟದಲ್ಲಿ ನೀರು ಹಾಕು ಎನ್ನುವುದು, ಜನರಲ್‌ನನ್ನು ಕರೆದು ಗೇಟು ಕಾಯಲು ಹೇಳಿದಂತೆ.

ಹಾಲ್‌ನಲ್ಲಿ ಬೆಳಕು ಸಾಲದು ಎಂದು ಮೊದಲ ದಿನವೇ ತೀರ್ಮಾನಿಸಿದೆ. ಅಂಗಳದಲ್ಲಿ ಗ್ರೀನ್‌ಹೌಸ್ ಕಟ್ಟುವುದೆಂದು ಎರಡನೆಯ ದಿನ ನಿರ್ಧರಿಸಿದೆ. ನನ್ನ ಹೆಂಡತಿ ವಸಂತ, ಅವರು ಹೇಳಿದ್ದು ಹಾಲ್‌ನಲ್ಲಿ ಇಡಲು ತಾನೇ ಎಂದು ಕೇಳಿದಳು. ಅವರು ನರ್ಸ್, ನಾನು ಇಂಜಿನಿಯರ್ ಎಂದು ಉತ್ತರಿಸಿದೆ. ಅವಳು ಎದ್ದು ಅಡುಗೆಮನೆಗೆ ಹೋದಳು. ಅದನ್ನು ನಾನು ಒಪ್ಪಿಗೆ ಎಂದು ಭಾವಿಸಿದೆ.

ಸಾಮಾನು ತರಲು, ತೋಟಗಳಿಗೆ ಹೆಸರಾದ ದೂರದ ಸುವೈಕ್ ಪಟ್ಟಣದವರೆಗೆ ಕಾರು ಓಡಿಸಿದೆ. ಅಲ್ಲಿ ತೋಟದ ಸಾಮಾನು ಮಾರುವ ಒಮಾನಿ ಮುದುಕರೊಬ್ಬರು ನನ್ನ ನಕ್ಷೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, ಪಾರದರ್ಶಕ ಶೀಟು ಬೇಡ, ಬರೀ ನೆರಳು ಬಲೆ ಸಾಕು ಎಂದು ಹರಕು ಹಿಂದಿಯಲ್ಲಿ ಹೇಳಿದರು. ಶೀಟಿನೊಳಗೆ ಗಿಡ ಇಟ್ಟರೆ ಖಲಾಸ್ ಎಂದರು. ನಕ್ಷೆ ನೆಟ್ಟಗೆ ಹಿಡಿಯಲು ಬಾರದವರ ಸಲಹೆಯನ್ನು ನಾನು ಪರಿಗಣಿಸಲಿಲ್ಲ. ಎಂಟು ಶೀಟು ಕೊಂಡೆ.

ಗ್ರೀನ್‌ಹೌಸ್ ಬಹಳ ಚೆನ್ನಾಗಿ ಬಂತು. ಹೊರಗೆ ನಲವತ್ತಮೂರು ಡಿಗ್ರಿ ಇದ್ದಾಗ ಒಳಗೆ ಐವತ್ತೆರಡು! ಬಿಸಿಲಿನಿಂದ ಗಿಡಗಳನ್ನು ಕಾಪಾಡಲು ಹೊರಟವನು ಬಿಸಿಲನ್ನು ಹಿಡಿದು ಕೂಡಿಹಾಕಿದ್ದೆ. ವಸಂತ ಗಿಡಗಳನ್ನು ಎತ್ತಿ ಹಾಲ್‌ಗೆ ತಂದಿಟ್ಟಳು. ಇದು ಪ್ರಾಯೋಗಿಕ ಹಂತ ಎಂದು ಅವಳಿಗೆ ವಿವರಿಸಿದೆ.

ಎರಡನೆಯ ಹಂತದಲ್ಲಿ ನೀರಿನ ಏರ್ ಕೂಲರ್ ಇಟ್ಟೆ. ಆದರೆ ಮಸ್ಕತ್ತಿನದು ಕಡಲ ತೀರದ ಸೆಕೆ, ಗಾಳಿಯಲ್ಲಿ ಆಗಲೇ ಬೇಕಾದಷ್ಟು ನೀರಿರುತ್ತದೆ. ಕೂಲರ್ ಇನ್ನಷ್ಟು ತುಂಬಿ ಅದನ್ನು ಆವಿಸ್ನಾನದ ಕೋಣೆ ಮಾಡಿತು. ಪರಿಶೀಲನೆಗೆಂದು ಒಳಗೆ ಹೋದವನು ಕನ್ನಡಕಕ್ಕೆ ಆವಿ ಕವಿದು ಏನೂ ಕಾಣದೆ ಬಾಗಿಲು ಹುಡುಕಿಕೊಂಡು ಹೊರಬಂದೆ.

ಮೂರನೆಯ ಹಂತದಲ್ಲಿ ನಮ್ಮ ಮಲಗುವ ಕೋಣೆಯ ಎಸಿ ಕಿತ್ತು ಗ್ರೀನ್‌ಹೌಸಿಗೆ ಕೂರಿಸಿದೆ. ಆ ಕೋಣೆಯಲ್ಲಿ ಮನುಷ್ಯರು ಮಲಗುವಂತಿರಲಿಲ್ಲವಾದ್ದರಿಂದ ನಾವು ಹಾಸಿಗೆ ಸುತ್ತಿಕೊಂಡು ಹಾಲ್‌ಗೆ ಬಂದೆವು. ಹಾಲ್‌ನಲ್ಲಿರಬೇಕಾಗಿದ್ದ ಆರ್ಕಿಡ್‌ಗಳು ಅಂಗಳದ ಎಸಿ ಬಂಗಲೆಗೆ ಹೋದವು. ಈಗಲಾದರೂ ಖುಷಿಯಾಯಿತಾ ಎಂದು ವಸಂತ ಕೇಳಿದಳು. ಖುಷಿಯಾಗಿತ್ತು ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಎಸಿಯ ಒಣಗಾಳಿಗೆ ಎಲೆಗಳ ಅಂಚು ಮುದುಡತೊಡಗಿತು. ಗಿಡಗಳಿಗೆ ತೇವ ಬೇಕು. ತೇವಕ್ಕೆ ನೀರು ಬೇಕು. ನೀರು ನನ್ನ ಕ್ಷೇತ್ರ! ಮಾಳಿಗೆಯ ಟ್ಯಾಂಕಿನಿಂದ ಕಪ್ಪು ಪೈಪೊಂದನ್ನು ಎಳೆದು ಗ್ರೀನ್‌ಹೌಸಿನ ಚಾವಣಿಗೆ ಕಟ್ಟಿ, ಮಂಜು ಚಿಮ್ಮಿಸುವ ಹನ್ನೊಂದು ನಳಿಗೆ ಜೋಡಿಸಿದೆ. ಗಿಡಕ್ಕೊಂದು. ಇಲ್ಲಿನ ನೀರಿನ ಉಪ್ಪಿಗೆ ನಳಿಗೆಗಳ ತೂತು ಎರಡೇ ದಿನದಲ್ಲಿ ಕಟ್ಟಿಕೊಂಡವು. ದಬ್ಬಳದಿಂದ ಅಗಲ ಮಾಡಿದೆ. ಮಂಜಿನ ಬದಲು ಮಳೆಯೇ ಬಂತು. ಬೆಳಗಿನ ಐದೂವರೆಗೆ ಕೈಯೊಡ್ಡಿ ಪರೀಕ್ಷಿಸಿದಾಗ ನೀರು ಬರೀ ಬೆಚ್ಚಗಿತ್ತು. ಬಿಸಿಲು ಜಾಸ್ತಿ ಇರುವಾಗ ತಂಪು ಜಾಸ್ತಿ ಸಿಗಲಿ ಎಂದು ಟೈಮರನ್ನು ಮಧ್ಯಾಹ್ನ ಒಂದು ಗಂಟೆಗೆ ಇಟ್ಟು, ಮೊಬೈಲಿನಲ್ಲಿ ನೋಡಲು ಒಂದು ಕ್ಯಾಮೆರಾ ಹಾಕಿ ಆಫೀಸಿಗೆ ಹೋದೆ.

ಒಂದು ಗಂಟೆಗೆ ಸರಿಯಾಗಿ ಮೊಬೈಲ್ ತೆರೆದರೆ ಪರದೆಯ ತುಂಬ ಬೆಳ್ಳನೆ ಮಂಜು. ಗಿಡಗಳು ಕಾಣುತ್ತಲೇ ಇರಲಿಲ್ಲ. ಪಕ್ಕದ ಮೇಜಿನವರನ್ನೆಲ್ಲ ಕರೆದು, ನೋಡಿ, ನಮ್ಮ ಅಂಗಳದಲ್ಲಿ ಊಟಿ ಎಂದು ತೋರಿಸಿದೆ. ಒಬ್ಬರು ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಮ್ಮ ಮನೆಗೂ ಒಂದು ನಕ್ಷೆ ಬರೆದುಕೊಡಿ ಎಂದರು. ಬರೆಯೋಣ ಎಂದೆ, ದೊಡ್ಡ ಮನಸ್ಸಿನಿಂದ.

ಅಷ್ಟರಲ್ಲಿ ವಸಂತಳ ಫೋನು ಬಂತು.

“ರೀ, ಗ್ರೀನ್‌ಹೌಸಿಂದ ಸೊಪ್ಪು ಬೇಯಿಸಿದ ವಾಸನೆ ಬರ್ತಿದೆ.”

ಓಡಿ ಬಂದೆ. ಅವಳು ಪೈಪು ಬಂದ್ ಮಾಡಿ ಬಾಗಿಲು ತೆರೆದಿಟ್ಟಿದ್ದಳು. ಒಳಗಿಂದ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಏಳುತ್ತಿತ್ತು. ಹನ್ನೊಂದು ಗಿಡಗಳೂ ತಲೆ ಬಾಗಿಸಿ, ಹದವಾಗಿ ಬೆಂದು, ಸಾರಿಗೆ ಹಾಕುವಂತಾಗಿದ್ದವು. ಹೂಕಡ್ಡಿಗಳು ಮುಟ್ಟಿದರೆ ಕೈಗೇ ಬಂದವು. ಎಸಿ ಮಾತ್ರ ಮೂಲೆಯಲ್ಲಿ ತನ್ನ ಪಾಡಿಗೆ ತಾನು ಓಡುತ್ತಿತ್ತು.

“ಬೆಳಗ್ಗೆ ಯಾವ ನಲ್ಲಿ ತಿರುಗಿಸಿ ಸ್ನಾನ ಮಾಡಿದ್ರಿ?” ಎಂದು ವಸಂತ ಕೇಳಿದಳು.

“ಕೆಂಪು,” ಎಂದೆ.

“ಗಿಡಕ್ಕೆ ಕೊಟ್ಟಿದ್ದು?”

“ನೀಲಿ.”

ಇದು ಗಲ್ಫಿನಲ್ಲಿ ಒಂದು ಬೇಸಿಗೆ ಕಳೆದ ಪ್ರತಿಯೊಬ್ಬರಿಗೂ ಗೊತ್ತಿರುವ ಸಂಗತಿ. ಮೇ ತಿಂಗಳಿಂದ ಮಾಳಿಗೆಯ ಟ್ಯಾಂಕಿನ ನೀರು ಬಿಸಿಲಿಗೆ ಕುದಿಯುವ ಹಾಗಿರುತ್ತದೆ. ಆದ್ದರಿಂದ ಗೀಸರ್ ಆರಿಸಿಬಿಡುತ್ತೇವೆ. ಮನೆಯೊಳಗೆ ನೆರಳಿನಲ್ಲಿರುವ ಗೀಸರಿನ ನೀರು ತಣ್ಣಗಾಗಿರುತ್ತದೆ. ಹಾಗಾಗಿ ನಾಲ್ಕು ತಿಂಗಳು ಬಿಸಿನೀರಿನ ಕೆಂಪು ನಲ್ಲಿಯಲ್ಲಿ ತಣ್ಣೀರು, ಟ್ಯಾಂಕಿನಿಂದ ನೇರವಾಗಿ ಬರುವ ತಣ್ಣೀರಿನ ನೀಲಿ ನಲ್ಲಿಯಲ್ಲಿ ಕೊತಕೊತ ನೀರು. ಹದಿನಾರು ಬೇಸಿಗೆ ಕೆಂಪು ನಲ್ಲಿಯಲ್ಲಿ ಮಿಂದವನು ನಾನು. ಹಾಗಿದ್ದೂ, ನಕ್ಷೆ ಬರೆಯಲು ಪೆನ್ಸಿಲ್ ಹಿಡಿದ ಕೂಡಲೇ ನೀಲಿ ಗೆರೆ ಎಂದರೆ ತಣ್ಣೀರು ಎಂದು ಬರೆದಿದ್ದೆ. ನನ್ನ ಚರ್ಮಕ್ಕೆ ಗೊತ್ತಿದ್ದದ್ದು ನನ್ನ ವಿದ್ಯೆಗೆ ಗೊತ್ತಿರಲಿಲ್ಲ.

ಆಮೇಲೆ ನಾನು ಮಾಡಿದ್ದು ಇನ್ನೂ ನಾಚಿಕೆಗೇಡು. ಲವೀನಾ ಬಾಯಿ ಪ್ರತಿ ಶುಕ್ರವಾರ ಗಿಡದ ಫೋಟೋ ಕೇಳುತ್ತಿದ್ದರು. ಮೊದಲ ವಾರ ತೆಗೆದಿದ್ದ ಫೋಟೋಗಳನ್ನೇ ಒಂದೊಂದಾಗಿ ಕಳಿಸಿದೆ. ಹೂಕಡ್ಡಿ ಉದ್ದವಾದ ಹಾಗೆ ಕಾಣುವುದಿಲ್ಲವಲ್ಲ ಎಂದು ಅವರು ಬರೆದರು. ಗಿಡಗಳು ವಿಶ್ರಾಂತಿಯಲ್ಲಿವೆ ಎಂದು ಉತ್ತರಿಸಿದೆ. ಅದು ಪೂರ್ತಿ ಸುಳ್ಳಲ್ಲ. ಅತ್ತ ಅವರು ಈ ವರ್ಷ ಹನ್ನೊಂದೂ ಗಿಡದ ಹೂ ಮರಿಯಮ್ಮನ ಪಾದಕ್ಕೆ ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ವಸಂತ ನಿಜ ಹೇಳಿಬಿಡಿ ಎಂದಳು. ಸರಿಯಾದ ಸಮಯದಲ್ಲಿ ಹೇಳುತ್ತೇನೆ ಎಂದೆ. ಸರಿಯಾದ ಸಮಯ ಬರಲಿಲ್ಲ, ಲವೀನಾ ಬಾಯಿಯೇ ಬಂದರು.

ಆಗಸ್ಟ್ ಕೊನೆಯ ವಾರ. ನಾಲ್ಕು ದಿನ ಕಳೆದರೆ ಹೂ ಅರ್ಪಣೆ ಶುರು. ನಾನು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಈ ಸಲದ ಬಿಸಿಲು ಎಂಥದ್ದು, ಜಗತ್ತೇ ಹೇಗೆ ಬಿಸಿಯೇರುತ್ತಿದೆ, ಇದರಲ್ಲಿ ಒಬ್ಬ ಬಡ ಇಂಜಿನಿಯರ್ ಏನು ತಾನೇ ಮಾಡಿಯಾನು ಎಂಬ ಧಾಟಿಯಲ್ಲಿ ಶುರು ಮಾಡಿದೆ. ಅವರು ಕೇಳಿಸಿಕೊಳ್ಳುತ್ತಲೇ, ಇನ್ನೂ ಗ್ರೀನ್‌ಹೌಸಿನ ಎಸಿಯಲ್ಲೇ ಇಟ್ಟಿದ್ದ ಗಿಡಗಳಲ್ಲಿ ಒಂದರ ಎಲೆಯನ್ನು ಬೆರಳಲ್ಲಿ ಎತ್ತಿ, ತಿರುಗಿಸಿ, ಅಡಿಭಾಗ ನೋಡಿದರು. ಹನ್ನೆರಡು ವರ್ಷ ಸುಟ್ಟಗಾಯದ ವಾರ್ಡಿನಲ್ಲಿ ಕೆಲಸ ಮಾಡಿದವರು ಅವರು ಎಂಬುದು ನನಗೆ ಆಮೇಲೆ ತಿಳಿಯಿತು.

“ಬಿಸಿಲಲ್ಲಿ ಸುಟ್ಟರೆ ಹೀಗೆ ಆಗುದಿಲ್ಲ. ಇದು ಮೇಲಿಂದ ಬಿಸಿನೀರು ಬಿದ್ದದ್ದು,” ಎಂದರು.

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ಎಲ್ಲವನ್ನೂ ಹೇಳಿದೆ, ಹಳೆಯ ಫೋಟೋಗಳ ಕಥೆಯನ್ನೂ. ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೇರಿಗೆ ಇನ್ನೂ ಜೀವ ಉಂಟು, ಹೂ ಬಿಡಲಿಕ್ಕೆ ಎರಡು ವರ್ಷ ಬೇಕಾದೀತು ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು. ಆ ಹೊತ್ತು ನನಗೆ ನನ್ನ ಮೇಲೆ ಅಸಹ್ಯವಾಯಿತು. ಅಂಗಡಿಯಿಂದ ಎಷ್ಟು ಬೇಕಾದರೂ ಬಿಳಿ ಆರ್ಕಿಡ್ ತಂದುಕೊಡುತ್ತೇನೆ ಎಂದೆ. ಅಂಗಡಿ ಹೂ ತರಲಿಕ್ಕೆ ತಾನೂ ಬಲ್ಲೆ ಎಂದರು.

ಹೊರಟವರು ಗ್ರೀನ್‌ಹೌಸಿನ ಹಿಂದೆ ಹಾದುಹೋಗುವಾಗ ನಿಂತುಬಿಟ್ಟರು. ಅಲ್ಲಿ ಎಸಿಯಿಂದ ತೊಟ್ಟಿಕ್ಕಿದ ನೀರಿಗೆ, ಗೋಡೆಯ ಬುಡದಲ್ಲಿ ಬಿಳಿ ನಿತ್ಯಪುಷ್ಪ ಮೊಣಕಾಲೆತ್ತರ ಬೆಳೆದು, ನಲವತ್ತು ಡಿಗ್ರಿಯ ಬಿಸಿಲಲ್ಲಿ ಮೈತುಂಬ ಅರಳಿ ನಿಂತಿತ್ತು. ಬೀಜ ಎಲ್ಲಿಂದ ಬಂತೋ, ಎಂದು ಹುಟ್ಟಿತೋ, ನಾನು ಆ ಕಡೆ ತಲೆಹಾಕಿದ್ದೇ ಇಲ್ಲ.

“ಇದನ್ನು ಯಾರು ನೋಡಿಕೊಂಡದ್ದು?” ಎಂದು ಲವೀನಾ ಬಾಯಿ ಕೇಳಿದರು.

“ಯಾರೂ ಇಲ್ಲ. ಇವರು ಮುಟ್ಟಿಲ್ಲ, ಅದಕ್ಕೇ ಬದುಕಿದೆ,” ಎಂದಳು ವಸಂತ.

ಲವೀನಾ ಬಾಯಿಗೆ ನಗು ಬಂದುಬಿಟ್ಟಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಒಂಬತ್ತು ದಿನವೂ ಬಂದು ಕೊಯ್ದುಕೊಳ್ಳಬಹುದಾ ಎಂದು ಕೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಅವರಿಗೆ ಕಷ್ಟವಾಗದಿರಲಿ ಎಂದು ಕೊಂಬೆ ಎತ್ತಿ ಹಿಡಿಯಲು ಮುಂದೆ ಬಂದೆ.

“ಬೇಡ,” ಎಂದರು ಇಬ್ಬರೂ ಒಟ್ಟಿಗೆ. “ನೀವು ಅಲ್ಲೇ ನಿಲ್ಲಿ.”

ನಾನು ಅಲ್ಲೇ ನಿಂತೆ. ಆ ಬೇಸಿಗೆಯಲ್ಲಿ ಹೂವಿಗಾಗಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.