ಓಸ್ಮೊನ ಮಟ್ಟ, ಹಿಲ್ಕಾಳ ಸರದಿ

ರೇಡಿಯೊ ಹವ್ಯಾಸಿ ಓಸ್ಮೊ ಮಾಡಿದ ತಪ್ಪು ಇಷ್ಟೇ. ಶುಕ್ರವಾರ ಬೆಳಗ್ಗೆ ರೇಡಿಯೊ ಪರದೆಯ ರೆಫರೆನ್ಸ್ ಲೆವೆಲ್ಲನ್ನು ಪಾತಾಳಕ್ಕೆ ಇಳಿಸಿ, ಹಾಗೇ ಬಿಟ್ಟು ಕಾಫಿ ಕಾಸಲು ಎದ್ದ.

ಪರದೆಯ ಮೇಲಂಚು ಎಷ್ಟು ಬಲದ ಸಂಕೇತಕ್ಕೆ ಸಮ ಎಂದು ನಾವೇ ಇಟ್ಟುಕೊಳ್ಳುವ ಗುರುತು ಅದು. ಇಳಿಸಿದರೆ ಇಲಿಯೂ ಹುಲಿಯಾಗಿ ಕಾಣುತ್ತದೆ, ಏರಿಸಿದರೆ ಹುಲಿಯೂ ಇಲಿ. ಗಾಳಿಯಲ್ಲಿ ಬರುವುದು ಬಂದಷ್ಟೇ. ಬದಲಾಗುವುದು ನೋಡುವವರ ಎದೆಬಡಿತ.

ಮಟ್ಟ ಇಳಿಸಲು ಕಾರಣವಿತ್ತು, ದೂರದ ಕ್ಷೀಣ ಸಂಕೇತ ಕಾಣಬೇಕಿತ್ತು. ಪೆಂಗ್ವಿನ್‌ಗಳ ಹೊರತು ನರಪ್ರಾಣಿಯಿಲ್ಲದ ಒಂದು ದಕ್ಷಿಣದ ದ್ವೀಪಕ್ಕೆ ನಾಲ್ವರು ಸಾಹಸಿಗಳು ರೇಡಿಯೊ ಹೊತ್ತು ಹೋಗಿದ್ದರು. ಇವತ್ತು ರಾತ್ರಿ ಎಂಟಕ್ಕೆ ಗಂಟುಮೂಟೆ ಕಟ್ಟುತ್ತಾರೆ. ಆ ದ್ವೀಪದೊಡನೆ ಎರಡು ಮಾತಾಡಬೇಕೆಂದು ಓಸ್ಮೊ ಮೀಸೆ ಮೂಡಿದಾಗಿನಿಂದ ಕಾದಿದ್ದ. ಈಗ ಮೀಸೆ ಬೆಳ್ಳಗಾಗಿತ್ತು.

ಬಾಗಿಲು ಬಡಿಯಿತು. ಮೂರನೇ ಮಹಡಿಯ ಹಿಲ್ಕಾ. ಫಿನ್‌ಲ್ಯಾಂಡಿನ ಆ ವಸತಿ ಕಟ್ಟಡಕ್ಕೆ ಸುಣ್ಣಬಣ್ಣ ಆರುವ ಮೊದಲೇ ಬಂದು ನೆಲೆಸಿದ ಹಿರಿಯಳು. ಕೆಳಗಿನ ಸೌನಾ, ಅಂದರೆ ಎಲ್ಲರೂ ಸರದಿಯಲ್ಲಿ ಬೆವರುವ ಹಬೆಕೋಣೆ, ಅವಳ ಕಣ್ಗಾವಲಿನಲ್ಲೇ ಇತ್ತು.

"ನಿನ್ನೆ ಸೌನಾದಲ್ಲಿ ಬಕೆಟ್ ಬೋರಲು ಹಾಕದೆ ಹೋದವನು ನೀನೇ ತಾನೆ?" ಎನ್ನುತ್ತಲೇ ಒಳಗೆ ನುಗ್ಗಿದವಳು ಪರದೆ ನೋಡಿ ಕಂಬವಾದಳು. ಅಂಚಿನಿಂದ ಅಂಚಿಗೆ ಕೆಂಪು ಕೆಂಪು ಬೆಟ್ಟಗಳು. "ಅಯ್ಯೋ! ಇಷ್ಟೆಲ್ಲ ನಮ್ಮ ತಲೆ ಮೇಲಿಂದ ಹಾಯ್ತಿದೆಯಾ?"

"ಹಾಯೋದೇನೋ ಹೌದು ಹಿಲ್ಕಮ್ಮ, ಆದರೆ ಅದು ಅಷ್ಟು ದೊಡ್ಡದಲ್ಲ. ನಾನು ಮಟ್ಟ ಇಳಿಸಿ..."

"ಅದಕ್ಕೇ ಕಣೋ ನನ್ನ ಮೊಣಕಾಲು ಈ ಪಾಟಿ ನೋಯ್ತಿರೋದು!"

ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡಕ್ಕೆ ಮೊಣಕಾಲು ನೋವು. ಒಬ್ಬರ ಹಿಟ್ಟು ಉಬ್ಬಿರಲಿಲ್ಲ, ಇನ್ನೊಬ್ಬರ ಬೆಕ್ಕು ಗೋಡೆಯನ್ನೇ ದಿಟ್ಟಿಸುತ್ತಿತ್ತು. ನಿವಾಸಿಗಳ ಸಂಘದ ಅಧ್ಯಕ್ಷ ಕಲೆರ್ವೊ ಫೋನು ಮಾಡಿದ. "ಸಂಜೆ ಆರಕ್ಕೆ ಸೌನಾ ಪಕ್ಕದ ಕೋಣೇಲಿ ತುರ್ತು ಸಭೆ. ಛಾವಣಿ ಮೇಲಿನ ನಿನ್ನ ಆಂಟೆನಾ ಕಂಬ ಇರ್ಬೇಕೋ ಹೋಗ್ಬೇಕೋ, ಮತಕ್ಕೆ ಹಾಕ್ತೀವಿ. ಆ ಬೆಟ್ಟಗುಡ್ಡಾನೂ ತಗೊಂಡು ಬಾ."

ಕಂಬ ಹೋದರೆ ದ್ವೀಪ ಹೋಯಿತು. ಓಸ್ಮೊ ರೇಡಿಯೊ, ಮೈಕು, ಲ್ಯಾಪ್‌ಟಾಪು ಎಲ್ಲವನ್ನೂ ಹೊತ್ತು ಕೆಳಗಿಳಿಸಿ, ಛಾವಣಿಯ ಕೇಬಲ್ಲನ್ನು ಕಿಟಕಿಯಿಂದ ಒಳಗೆಳೆದುಕೊಂಡ. ಈ ಸಲ ಬುದ್ಧಿವಂತಿಕೆ ಮಾಡಿ ಲೆವೆಲ್ಲನ್ನು ಆಕಾಶಕ್ಕೆ ಏರಿಸಿಟ್ಟ. ಪರದೆ ಹೆಪ್ಪುಗಟ್ಟಿದ ಕೆರೆಯಂತೆ ಮಟ್ಟಸವಾಯಿತು.

ಕಲೆರ್ವೊ ಕನ್ನಡಕ ಏರಿಸಿ ನೋಡಿದ. "ಏನೂ ಇಲ್ವಲ್ಲೋ!"

"ಏನಂದ್ರೆ ಏನೂ ಇಲ್ಲ!" ಓಸ್ಮೊ ಹಿಗ್ಗಿದ.

"ಮತ್ತೆ ಕಂಬ ಯಾಕೆ? ಏನೂ ಬರದ ಕಂಬದ ಮೇಲೆ ಹಿಮ ಬೀಳಿಸ್ಕೊಂಡು ಕೂರೋಕಾ? ನಾಳೆನೇ ಕಿತ್ತು ಹಾಕೋಣ."

"ಹಾಕಿ, ಹಾಕಿ," ಎಂದಳು ಹಿಲ್ಕಾ, ಏಲಕ್ಕಿ ಬನ್ನು ಕಚ್ಚುತ್ತ.

"ತಡೀರಿ!" ಓಸ್ಮೊ ಲೆವೆಲ್ಲನ್ನು ಇಳಿಸುತ್ತ ಬಂದ. ಅತಿಯೂ ಅಲ್ಲ, ಕಡಿಮೆಯೂ ಅಲ್ಲ, ಸರಿಯಾದ ಜಾಗಕ್ಕೆ. ಗದ್ದಲವೆಲ್ಲ ತಳದಲ್ಲಿ ಹುಲ್ಲಿನಂತೆ ಕೂತಿತು. ಹುಲ್ಲಿನ ಮೇಲೆ ಒಂದೊಂದೇ ಸಂಕೇತ ತೆನೆಯಂತೆ ತಲೆಯೆತ್ತಿತು.

"ಆ ಉದ್ದಂದು ಯಾರದು?" ಕಲೆರ್ವೊ ಕೇಳಿದ. ಓಸ್ಮೊ ಒತ್ತಿದ. ಸ್ಪೇನಿನ ಮುದುಕನೊಬ್ಬ ಗೊಳ್ಳೆಂದು ನಕ್ಕ. ಕೋಣೆಯೂ ನಕ್ಕಿತು.

"ಅದನ್ನ ಒತ್ತು! ಅದಲ್ಲ, ಅದರ ಪಕ್ಕದ್ದು!" ಕುರ್ಚಿಗಳು ಹಿಂದಕ್ಕೆ ಸರಿದವು, ಕಾಫಿ ಆರಿತು. ಲಿಫ್ಟಿನಲ್ಲಿ ಪರಸ್ಪರ ಮುಖ ನೋಡದ ಜನ ಪರದೆಯ ಮುಂದೆ ಕೆನ್ನೆಗೆ ಕೆನ್ನೆ ತಾಗಿಸಿ ನಿಂತರು.

"ಆ ಮೂಲೇಲಿ ಒಂದು ಸಣ್ಣದಿದೆಯಲ್ಲೋ, ಪಾಪ," ಎಂದಳು ಹಿಲ್ಕಾ.

ಅದೇ ದ್ವೀಪ! ಒತ್ತಿದರೆ ಗಾಳಿಯ ಮೊರೆತದ ನಡುವೆ ಎಳೆಯಂಥ ದನಿ, ಅದರ ಹಿಂದೆ ಪೆಂಗ್ವಿನ್‌ಗಳ ಕಿರುಚಾಟ. ಹಿಲ್ಕಾಳ ಬನ್ನು ಬಾಯಿಯ ಹತ್ತಿರವೇ ನಿಂತಿತು.

ಓಸ್ಮೊ ಬೆಂಚು ಹತ್ತಿಬಿಟ್ಟ. "ಕೇಳಿದ್ರಾ? ಈ ಕಂಬ, ಈ ರೇಡಿಯೊ ನನ್ನೊಬ್ಬನದಲ್ಲ ಕಣ್ರೀ! ನಮ್ಮೆಲ್ಲರದು!"

ಚಪ್ಪಾಳೆ ಬಿತ್ತು. ಮತಕ್ಕೆ ಹಾಕಿದರೆ ಒಂದು ಕೈಯೂ ಕೆಳಗಿರಲಿಲ್ಲ. ಕಂಬ ಉಳಿಯಿತು! ಎಂಟಕ್ಕಿನ್ನೂ ಅರ್ಧ ಗಂಟೆಯಿತ್ತು. ಓಸ್ಮೊ ಬೆಂಚಿನಿಂದ ಹಾರಿ ಮೈಕಿಗೆ ಕೈ ಚಾಚಿದ.

"ಮುಟ್ಬೇಡ ಮಾರಾಯ," ಎಂದ ಕಲೆರ್ವೊ. "ನೀನು ಹೇಳಿದ್ದನ್ನ ನಡಾವಳಿಯಲ್ಲಿ ಬರ್ಕೊಂಡಾಯ್ತು. ಎಲ್ಲರದು ಅಂದ ಮೇಲೆ ಸರದಿ ಬೇಡ್ವಾ? ಹೊಸ ಸರದಿ ಯಾಕೆ, ಸೌನಾದ್ದೇ ಇದೆಯಲ್ಲ."

ಸೌನಾದಲ್ಲಿ ಓಸ್ಮೊನ ಸರದಿ ಗುರುವಾರ. ಶುಕ್ರವಾರ ಸಂಜೆ ಹಿಲ್ಕಾಳದು. ಅದನ್ನು ಬಿಟ್ಟುಕೊಡೆಂದು ಕೇಳುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ.

"ಹಿಲ್ಕಮ್ಮ, ಎರಡೇ ನಿಮಿಷ! ನಿಮ್ಮ ದಮ್ಮಯ್ಯ!"

"ಸರದಿ ಅಂದ್ರೆ ಸರದಿ. ಬೆವರ್ತಾ ಕೂತಾಗ ನಿನ್ನನ್ನ ಎರಡು ನಿಮಿಷ ಸೌನಾ ಒಳಗೆ ಬಿಟ್ಕೊಂಡಿದ್ದೀನಾ?" ಎಂದು ಅವಳು ಎಲ್ಲರನ್ನೂ ಹೊರಗಟ್ಟಿ ಅಗಳಿ ಹಾಕಿದಳು.

ಓಸ್ಮೊ ಬಾಗಿಲ ಗಾಜಿಗೆ ಮೂಗು ಒತ್ತಿದ. ಒಳಗೆ ಹಿಲ್ಕಾ ತಳದ ಹುಲ್ಲನ್ನು ಕಂಡು ಮೂತಿ ತಿರುಗಿಸಿ, ಲೆವೆಲ್ಲನ್ನು ಏರಿಸುತ್ತ ಹೋದಳು. ಹುಲ್ಲು ಹೋಯಿತು, ತೆನೆಗಳು ಹೋದವು, ಮೂಲೆಯ ದ್ವೀಪವೂ ಮುಳುಗಿತು. ಅವಳು ತೃಪ್ತಿಯಿಂದ ಹೆಣಿಗೆ ಕೈಗೆತ್ತಿಕೊಂಡಳು.

ಎಂಟು ದಾಟಿದ ಮೇಲೆ ಅವಳು ಅಗಳಿ ತೆಗೆದಳು.

"ಒಳ್ಳೇ ಯಂತ್ರ ಕಣೋ ಓಸ್ಮೊ. ಆದ್ರೆ ಅದರೊಳಗೆ ಪೆಂಗ್ವಿನ್ ಗಲಾಟೆ ಮಧ್ಯೆ ಒಬ್ಬ ‘ಫಿನ್‌ಲ್ಯಾಂಡ್, ಫಿನ್‌ಲ್ಯಾಂಡ್’ ಅಂತ ಒಂದೇ ಸಮ ಬಾಯಿ ಬಡ್ಕೊಳ್ತಿದ್ದ."

"ನೀವೇನ್ ಮಾಡಿದ್ರಿ?" ಓಸ್ಮೊ ಕೇಳಿದ.

"ಹೆಣಿಗೆ ಲೆಕ್ಕ ತಪ್ತು. ದನಿ ಆರಿಸ್ದೆ." ಅವಳು ಮೆಟ್ಟಿಲು ಹತ್ತುತ್ತ ತಿರುಗಿದಳು. "ಪರದೆ ಈಗ ಚೊಕ್ಕವಾಗಿದೆ, ನೋಡು. ಗುರುವಾರ ನಿನ್ನ ಸರದಿ ಮುಗಿದ ಮೇಲೆ ಮಟ್ಟ ಮತ್ತೆ ಹೀಗೇ ಇಟ್ಟು ಹೋಗು. ಬಕೆಟ್ ಥರ ಮರೀಬೇಡ."