ದನದ ದಲ್ಲಾಳಿಗೆ ಮತ್ತು ಕೊಟ್ಟದ್ದು

ಆಪರೇಷನ್ ಮಾಡಿದವರಿಗೆ ಹಾರ, ಹೆರಿಗೆ ಮಾಡಿಸಿದವರಿಗೆ ಪೇಡ. ಅರಿವಳಿಕೆಯ ಮತ್ತು ಕೊಟ್ಟವರಿಗೆ ಮಾತ್ರ ಏನೂ ಇಲ್ಲ, ಏಕೆಂದರೆ ನಮ್ಮ ಮುಖ ಗುರುತು ಹಿಡಿಯುವಷ್ಟರಲ್ಲಿ ರೋಗಿಗೆ ನಿದ್ದೆ ಬಂದಿರುತ್ತದೆ. ಹಾರ ಬರದಿದ್ದರೂ ಮುಂದೆ ಹೇಳುವಂಥ ಪ್ರಸಂಗಗಳು ಮಾತ್ರ ವಿಳಾಸ ಕೇಳಿಕೊಂಡು ನನ್ನ ಹತ್ತಿರವೇ ಬರುತ್ತವೆ. ನಾನು ಗುಂಡ್ಲುಪೇಟೆಯವಳು, ಚಾಮರಾಜನಗರದ ಒಂದು ಚಿಕ್ಕ ಟ್ರಸ್ಟ್ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯೆ. ಜನರ ಬಾಯಲ್ಲಿ ‘ಮತ್ತು ಡಾಕ್ಟ್ರಮ್ಮ’. ಮೊಬೈಲಿನಲ್ಲಿ ಮಾತಾಡುವುದಕ್ಕಿಂತ ಮಿಸ್ಡ್ ಕಾಲ್ ಕೊಡುವವರೇ ಹೆಚ್ಚಿದ್ದ ಕಾಲದಲ್ಲಿ, ಕ್ಯಾನ್ಸರ್ ಆಪರೇಷನ್‌ಗೆ ಮತ್ತು ಕೊಡುವುದನ್ನೇ ವಿಶೇಷವಾಗಿ ಕಲಿಯಲು ಒಂದು ವರ್ಷದ ಫೆಲೋಶಿಪ್‌ಗೆ ಹೋಗಿ ಬಂದೆ. ಇವೆಲ್ಲ ಅದರ ಹಿಂದುಮುಂದೆ ನಡೆದವು.

ಕುರ್ಚಿಯ ಪ್ರಶ್ನೆ

ದೊಡ್ಡ ಊರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಸಂದರ್ಶನ. ನಡುವೆ ಕುಳಿತಿದ್ದ ವಿಭಾಗದ ಮುಖ್ಯಸ್ಥರು, ಮುಂದೆ ನನ್ನ ಗುರುಗಳಾದವರು, ಚಾಮರಾಜನಗರದಲ್ಲಿ ಕ್ಯಾನ್ಸರ್ ಆಪರೇಷನ್ ಮಾಡುವವರು ಯಾರಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಹಾಗಾದರೆ ಕಲಿತು ಯಾರಿಗೆ ಮತ್ತು ಕೊಡುತ್ತೀರಿ ಎಂದರು. ಮತ್ತು ಕೊಡುವವರಿಲ್ಲ ಅಂತ ಸರ್ಜನ್ ಬರುತ್ತಿಲ್ಲ, ಸರ್ಜನ್ ಇಲ್ಲ ಅಂತ ಮತ್ತು ಕೊಡುವವರು ಕಲಿಯುತ್ತಿಲ್ಲ, ಹೊಗೆಸೊಪ್ಪು ಜಗಿದು ಬಾಯಿ ಹುಣ್ಣು ಮಾಡಿಕೊಂಡ ನಮ್ಮ ಜನ ದೊಡ್ಡ ಊರಿಗೆ ಹೋಗಲು ಹೆದರಿ ಮನೆಯಲ್ಲೇ ಕೂರುತ್ತಾರೆ, ಯಾರಾದರೂ ಒಬ್ಬರು ಮೊದಲು ಶುರುಮಾಡಬೇಕಲ್ಲ ಎಂದೆ.

ಮಾತು ಅವರಿಗೆ ಹಿಡಿಸಿತು. ಆದರೂ ಬಿಡಲಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಮುಖ್ಯಮಂತ್ರಿಗಳೇ ಆ ಕಡೆ ತಲೆ ಹಾಕುವುದಿಲ್ಲವಂತೆ, ಸರ್ಜನ್ ಬರುತ್ತಾರೆಯೇ ಎಂದು ಕೇಳಿದರು.

“ಸರ್ಜನ್‌ಗೆ ನಿಂತೇ ಕೆಲಸ ಸಾರ್. ಆಪರೇಷನ್ ಥಿಯೇಟರಿನಲ್ಲಿ ಕುರ್ಚಿ ಇರೋದು ನಮಗೊಬ್ಬರಿಗೇ” ಎಂದೆ.

ಸೀಟು ಕೊಟ್ಟರು.

ಜಡೆ

ಮಗಳೆಲ್ಲಿ ಎಂದು ಕೇಳಿದವರಿಗೆ ನಮ್ಮಮ್ಮ ಇದ್ದದ್ದನ್ನೇ ಹೇಳಿದ್ದರು: ಒಂದು ವರ್ಷ ಕ್ಯಾನ್ಸರ್ ಆಸ್ಪತ್ರೆಯಲ್ಲಿರುತ್ತಾಳೆ, ಓದುವುದಕ್ಕೆ. ಮೊದಲರ್ಧವನ್ನು ಇಡೀ ಬೀದಿ ನಂಬಿತು, ಕೊನೆಯ ಮಾತನ್ನು ಒಬ್ಬರೂ ನಂಬಲಿಲ್ಲ. ಡಾಕ್ಟರಾಗಿ ಮುಗಿದ ಮೇಲೆ ಇನ್ನೇನು ಓದು, ಪಾಪ ಹೆತ್ತ ಕರುಳು, ಬಾಯಿಬಿಟ್ಟು ಹೇಳಲಾರಳು ಎಂದುಕೊಂಡರು.

ನಾನು ಮೊದಲ ಸಲ ರಜೆಗೆ ಗುಂಡ್ಲುಪೇಟೆಗೆ ಬಂದಾಗ ಪಕ್ಕದ ಮನೆಯಾಕೆ ಎಳನೀರು ತಂದರು. ದೂರದ ಸಂಬಂಧಿಯೊಬ್ಬರು ನನ್ನ ಹೆಸರಿನಲ್ಲಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದು ಪ್ರಸಾದ ಕೊಟ್ಟರು. ಜನ್ಮದಲ್ಲಿ ನನಗೊಂದು ಲೋಟ ನೀರು ಕೊಡದಿದ್ದ ಅತ್ತಿಗೆ ಕೂತ ಕಡೆಗೇ ಊಟ ತಂದಿಟ್ಟಳು. ನಾನು ಓದುತ್ತಿರುವುದು, ಕಾಯಿಲೆ ನನ್ನದಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಕಾಯಿಲೆಯವರು ಏನಂದರೂ ಹೂಂ ಅನ್ನಬೇಕು ಎಂಬ ತಲೆಯಾಟ ಅದು.

ಎದುರುಮನೆ ಅಜ್ಜಿಯೊಬ್ಬರೇ ನೇರ. ಬಂದವರೇ ನನ್ನ ಜಡೆ ಹಿಡಿದು ಒಂದು ಸಲ ಜಗ್ಗಿ ನೋಡಿದರು.

“ಕೂದ್ಲು ಒಂದೂ ಕೈಗ್ ಬಂದಿಲ್ಲ. ಬಿರ್ರನೆ ತೋರ್ಸ್ಕೊಂಡವ್ಳೆ ಕಣಮ್ಮಿ, ವಾಸಿಯಾಯ್ತದೆ ಬುಡು” ಎಂದು ಅಮ್ಮನಿಗೆ ಸಮಾಧಾನ ಹೇಳಿದರು.

ಗದ್ದ

ಮತ್ತು ಕೊಟ್ಟ ಮೇಲೆ ರೋಗಿಯ ಉಸಿರಿಗೆಂದು ಗಂಟಲೊಳಗೆ ಒಂದು ಕೊಳವೆ ಹಾಕಬೇಕು. ಬಾಯಿ, ಗಂಟಲಿನ ಕ್ಯಾನ್ಸರ್ ಇದ್ದವರಿಗೆ ಅದೇ ದೊಡ್ಡ ಕಷ್ಟ. ಅದಕ್ಕೇ ನಮ್ಮ ಗುರುಗಳು, ಯಾರನ್ನು ಕಂಡರೂ ಬಾಯಿ ಎಷ್ಟು ತೆರೆಯುತ್ತದೆ, ಗದ್ದ ಎಷ್ಟಿದೆ, ಕತ್ತು ಎಷ್ಟು ಬಾಗುತ್ತದೆ ಎಂದು ಮನಸ್ಸಿನಲ್ಲೇ ಅಳೆಯುತ್ತಿರಿ ಎಂದಿದ್ದರು. ಬಸ್ಸಿನಲ್ಲಿ ಕಂಡಕ್ಟರನ್ನು ಅಳೆದೆ. ಹೋಟೆಲಿನಲ್ಲಿ ಬೋಂಡಾ ತಿನ್ನುವವರನ್ನು ಅಳೆದೆ, ಅಲ್ಲಿ ಬಾಯಿ ಚೆನ್ನಾಗಿ ತೆರೆಯುತ್ತದೆ.

ಆ ಚಟ ಹತ್ತಿದ್ದ ಕಾಲದಲ್ಲೇ ಚಿಕ್ಕಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಒಳ್ಳೆಯ ಹುಡುಗ, ಮೈಸೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಅವನು ಉಪ್ಪಿಟ್ಟು ತಿಂದು ಮುಗಿಸುವವರೆಗೂ ನಾನು ಕಣ್ಣು ಕೀಳಲಿಲ್ಲ. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹುಡುಗ ಹೇಗೆ ಎಂದು ಕೇಳಿದರು.

“ಕಷ್ಟ ಚಿಕ್ಕಮ್ಮ. ಗದ್ದ ಒಳಕ್ಕಿದೆ, ಕತ್ತು ಗಿಡ್ಡ. ಕೊಳವೆ ಸುಲಭಕ್ಕೆ ಇಳಿಯಲ್ಲ.”

ಚಿಕ್ಕಮ್ಮ ಕಾಫಿ ಲೋಟಗಳನ್ನು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟರು. ಆಮೇಲೆ ಬಹಳ ಹೊತ್ತು ಬಿಡಿಸಿ ಹೇಳಬೇಕಾಯಿತು. ಹೇಗೋ ಮದುವೆಯಾಯಿತು. ಆದರೆ ಮಾತು ಎಲ್ಲಿಂದಲೋ ಸೋರಿ ಹುಡುಗನಿಗೂ ಮುಟ್ಟಿತ್ತು. ಮುಂದಿನ ಹಬ್ಬಕ್ಕೆ ಬಂದಾಗ ಅವನು ಗಡ್ಡ ಬಿಟ್ಟಿದ್ದ.

ಮಾಲು ನೋಡುವುದು

ಫೆಲೋಶಿಪ್ ಮುಗಿಸಿ ಚಾಮರಾಜನಗರಕ್ಕೆ ವಾಪಸಾದೆ. ನಾನಿದ್ದೇನೆ ಎಂಬ ಧೈರ್ಯದ ಮೇಲೆ ಮೈಸೂರಿನ ಕ್ಯಾನ್ಸರ್ ಸರ್ಜನ್ ಒಬ್ಬರು ವಾರಕ್ಕೊಮ್ಮೆ ಬರಲು ಒಪ್ಪಿದರು. ಮೊದಲ ದೊಡ್ಡ ಆಪರೇಷನ್‌ಗೆ ಸಿಕ್ಕವರು ಸಂತೆಮರಹಳ್ಳಿ ಕಡೆಯ ಒಬ್ಬ ದನದ ದಲ್ಲಾಳಿ. ಎತ್ತು ಕೊಡುವವರಿಗೂ ಕೊಳ್ಳುವವರಿಗೂ ನಡುವೆ ನಿಂತು ವ್ಯಾಪಾರ ಕುದುರಿಸುವ ಯಜಮಾನರು. ಇಡೀ ಸೀಮೆಗೆ ಕೇಳುವಂಥ ಬಾಯಿ. ಆ ಬಾಯಲ್ಲೇ, ನಾಲಿಗೆಯ ಅಂಚಿನಲ್ಲಿ, ಕ್ಯಾನ್ಸರ್ ಹುಣ್ಣು.

ಬಾಯಿ ತೆಗೆಯಿರಿ ಎಂದು ಟಾರ್ಚ್ ಹಾಕಿ ನೋಡಿದೆ. ಅಲ್ಲಾಡುವ ಹಲ್ಲು ಇದೆಯೇ ಎಂದು ಒಂದೊಂದನ್ನೂ ಮುಟ್ಟಿದೆ, ಕತ್ತು ಎತ್ತಿಸಿದೆ, ಇಳಿಸಿದೆ. ಅವರು ಬಹಳ ಗೌರವದಿಂದ ಕುಳಿತಿದ್ದರು.

“ನಾವೂ ಇಂಗೇ ಕಣವ್ವ, ಮೊದ್ಲು ಹಲ್ಲು ನೋಡದು” ಎಂದರು. “ಹಲ್ಲೆಲ್ಲ ಬಂದು ಬಾಯ್ಗೂಡಿರೋ ಮಾಲು, ಮೈಮೇಲೆ ಕೆಟ್ಟ ಸುಳಿ ಗಿಳಿ ಏನಿಲ್ಲ, ಧೈರ್ಯವಾಗಿ ನೋಡ್ಕಳಿ.”

ನಾಲಿಗೆ ಕತ್ತರಿಸಬೇಕು ಎಂದು ಸರ್ಜನ್ ಹೇಳಿದ್ದೇ ತಡ, ಆ ಗೌರವ ಹೋಯಿತು. ಬೇರೆ ಎಲ್ಲಿ ಬೇಕಾದರೂ ಕುಯ್ಯಿರಿ, ನಾಲಿಗೆ ಮುಟ್ಟಬೇಡಿ ಎಂದು ಎದ್ದು ನಿಂತರು. ಈಗ ಬಂದರೆ ಅಂಚಿನ ಒಂದು ಚೂರು, ತಡ ಮಾಡಿದರೆ ಇಡೀ ನಾಲಿಗೆ, ಅದಕ್ಕೂ ತಡ ಮಾಡಿದರೆ ಜೀವ ಎಂದು ಸರ್ಜನ್ ಬಿಡಿಸಿ ಹೇಳಿದರು.

“ಎತ್ತು ಸುಮ್ಕೆ ನಿಂತಿರ್ತದೆ ಸ್ವಾಮಿ, ಮಾತಾಡೋನು ನಾನು. ನಾಲ್ಗೆ ಕುಯ್ಸ್ಕೊಂಡು ಸಂತೆಗೆ ಓಗಿ ಏನ್ ಮಾಡ್ಲಿ?”

ಆಮೇಲೆ ಅವರೇ, ಆ ಚೂರನ್ನು ಇನ್ನೊಂಚೂರು ಕಮ್ಮಿ ಮಾಡಿಕೊಳ್ಳಿ ಎಂದು ಚೌಕಾಸಿಗೆ ಇಳಿದರು. ಸರ್ಜನ್ ಆಗಲ್ಲ ಎಂದರು, ಇವರು ಬಿಡಲ್ಲ ಎಂದರು. ಕೊನೆಗೆ ಅಷ್ಟು ಹೊತ್ತೂ ಬಾಯಿ ಬಿಡದೆ ಕುಳಿತಿದ್ದ ಅವರ ಹೆಂಡತಿ ವ್ಯಾಪಾರ ಮುಗಿಸಿದರು.

“ಆ ನಾಲ್ಗೆ ಜೊತೆ ಇಷ್ಟು ವರ್ಸ ಬಾಳಿರೋಳು ನಾನು. ಒಸಿ ಜಾಸ್ತಿನೇ ಕುಯ್ರಿ.”

ಹಸಿದ ಎತ್ತು

ಹೊಟ್ಟೆಯಲ್ಲಿ ಅನ್ನವಿದ್ದರೆ ಮತ್ತು ಕೊಟ್ಟಾಗ ಅದು ಮೇಲಕ್ಕೆ ಬಂದು ಉಸಿರುಗೊಳವೆಗೆ ಇಳಿಯುತ್ತದೆ, ಜೀವಕ್ಕೇ ಸಂಚಕಾರ. ಹಾಗಾಗಿ ಆಪರೇಷನ್ ದಿನ ಬೆಳಿಗ್ಗೆ ಏನೂ ತಿನ್ನಬಾರದು ಎಂದು ಗಂಡ ಹೆಂಡತಿ ಇಬ್ಬರಿಗೂ ಒತ್ತಿ ಹೇಳಿ, ಬೆಳಗಿನ ಬಸ್ಸಿಗೆ ಬನ್ನಿ ಎಂದು ಕಳಿಸಿದ್ದೆ.

ಬಂದರು. ಮೀಸೆಯ ತುದಿಯಲ್ಲಿ ಸೊಪ್ಪಿನ ಸಾರು ಕಂಡಿತು. ಏನು ತಿಂದಿರಿ ಎಂದು ಕೇಳಿದೆ. ಮುದ್ದೆ ಉಂಡು, ಮೇಲೆ ಒಂದು ಚೆಂಬು ಮಜ್ಜಿಗೆ ಕುಡಿದಿದ್ದೇನೆ ಎಂದು ಹೆಮ್ಮೆಯಿಂದ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಯಾಕೆ ತಿಂದಿರಿ ಎಂದು ಕೇಳಿದ್ದಕ್ಕೆ, ಇಷ್ಟು ಓದಿಯೂ ಇಷ್ಟು ಗೊತ್ತಿಲ್ಲವಲ್ಲ ಎಂಬಂತೆ ನೋಡಿದರು.

“ಸಂತೆಗೆ ಯಾವನಾದ್ರೂ ಹಸ್ದಿರೋ ಎತ್ತ ಹೊಡ್ಕೊಂಡೋಯ್ತಾನಾ? ಹೊಟ್ಟೆ ತುಂಬಿದ್ರೇ ಮಾಲಿಗೆ ಕಳೆ ಕಣವ್ವ. ಪಕ್ಕೆ ಒಳಿಕ್ಕೋಗಿದ್ರೆ ಇವ್ನು ತಡಿಯಲ್ಲ ಅಂತ ನೀವೇ ವಾಪಸ್ ಕಳ್ಸ್ಬುಡ್ತಿದ್ರಿ.”

ಆಪರೇಷನ್ ಒಂದು ವಾರ ಮುಂದಕ್ಕೆ ಹೋಯಿತು. ಮೈಸೂರಿನಿಂದ ಬಂದಿದ್ದ ಸರ್ಜನ್ ಬರಿಗೈಯಲ್ಲಿ ವಾಪಸು ಹೊರಟರು. ಇನ್ನೊಂದು ಸಲ ಹೀಗಾದರೆ ನಾನು ಬರುವುದಿಲ್ಲ, ಹುಣ್ಣು ನಮಗಾಗಿ ಕಾಯುವುದಿಲ್ಲ ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆ ವಾರವೆಲ್ಲ ನನಗೆ ನೆಮ್ಮದಿಯಿಲ್ಲ.

ಮುಂದಿನ ವಾರ ಹೆಂಡತಿ ಗಂಡನ ರಟ್ಟೆ ಹಿಡಿದುಕೊಂಡೇ ಒಳಗೆ ಬಂದರು. ಈ ಸಲ ಏನು ತಿಂದಿದ್ದಾರೆ ಎಂದು ಹೆದರುತ್ತಲೇ ಕೇಳಿದೆ.

“ನೀರೂ ಮುಟ್ಸಿಲ್ಲ. ಎತ್ತಿನ ಬಾಯ್ಗೆ ಕಟ್ಟೋ ಕುಕ್ಕೆ ಒಂದು ಕಟ್ಟಿಲ್ಲ ಅಷ್ಟೇಯ, ಅದ್ನೂ ಕಟ್ಬುಡ್ತಿದ್ದೆ, ಬಸ್ಸಲ್ಲಿ ಜನ ನೋಡ್ತಾರೆ ಅಂತ ಬುಟ್ಟೆ.”

ಟವಲಿನಡಿ

ಆಪರೇಷನ್ ಚೆನ್ನಾಗಿ ಆಯಿತು. ಮೊದಲನೆಯದೆಂದು ಸರ್ಜನ್ ಎರಡು ದಿನ ಇಲ್ಲೇ ಉಳಿದರು. ನಾಲಿಗೆ ಊದಿಕೊಳ್ಳುತ್ತದೆ ಎಂದು ಉಸಿರಿಗೆ ಕತ್ತಿನ ಮುಂದೆ ಸಣ್ಣ ತೂತು ಮಾಡಿ ಕೊಳವೆ ಇಟ್ಟಿದ್ದೆವು, ಹಾಗಾಗಿ ಕೆಲವು ದಿನ ಮಾತಿಲ್ಲ. ನೋವು ಎಷ್ಟಿದೆ ಎಂದು ಮತ್ತೆ ಮತ್ತೆ ಕೇಳಿ ಅದಕ್ಕೆ ತಕ್ಕ ಮದ್ದು ಕೊಡುವುದು ಫೆಲೋಶಿಪ್‌ನಲ್ಲಿ ಕಲಿತ ಪಾಠ. ನೋವಿಲ್ಲದಿದ್ದರೆ ಸೊನ್ನೆ, ತಡೆಯಲಾರದಿದ್ದರೆ ಹತ್ತು, ಬೆರಳಲ್ಲಿ ತೋರಿಸಿ ಯಜಮಾನರೇ ಎಂದೆ.

ಯಜಮಾನರು ಅಕ್ಕಪಕ್ಕದ ಮಂಚದವರನ್ನು ನೋಡಿ ಕೈ ಒಳಗೆಳೆದುಕೊಂಡರು. ಹೆಂಡತಿ ನನಗೆ ಬುದ್ಧಿ ಹೇಳಿದರು: ಸಂತೆಯಲ್ಲಿ ಬೆಲೆಯನ್ನು ಬಯಲಲ್ಲಿ ತೋರಿಸುವುದಿಲ್ಲ, ಟವಲು ಮುಚ್ಚಿ ಒಳಗೆ ಒಬ್ಬರ ಬೆರಳು ಒಬ್ಬರು ಹಿಡಿಯುತ್ತಾರೆ, ಎಷ್ಟು ಬೆರಳೋ ಅಷ್ಟು ಬೆಲೆ. ಹೇಳಿದವರೇ ನಮ್ಮಿಬ್ಬರ ಕೈಮೇಲೆ ಟವಲು ಹೊದಿಸಿದರು.

ಯಜಮಾನರು ಮೊದಲು ನನ್ನ ಐದೂ ಬೆರಳು ಹಿಡಿದರು, ಆಮೇಲೆ ನಾಲ್ಕು. ಒಂಬತ್ತು. ನಾಡಿ, ಬಿಪಿ, ಮುಖ, ಯಾವುದನ್ನು ನೋಡಿದರೂ ಒಂಬತ್ತರ ನೋವಿಲ್ಲ. ನಾನು ಅವರ ಮೂರು ಬೆರಳು ಹಿಡಿದೆ. ಅವರು ಮುಖ ಗೋಡೆಗೆ ತಿರುಗಿಸಿಕೊಂಡರು. ನಾಲ್ಕು ಹಿಡಿದೆ. ತಿರುಗಿ ನೋಡಿ ಏಳಕ್ಕೆ ಬಂದರು. ಅಷ್ಟರಲ್ಲಿ ಸರ್ಜನ್ ಒಳಗೆ ಬಂದು, ಟವಲಿನಡಿ ರೋಗಿಯ ಕೈ ಹಿಡಿದುಕೊಂಡು ಕುಳಿತ ನನ್ನನ್ನು ಕಂಡು, ಇದೇನು ಎಂದು ಕೇಳಿದರು.

“ಯಾಪಾರ ಕುದುರ್ತಾ ಐತೆ, ಒಸಿ ಸುಮ್ಕಿರಿ ಸ್ವಾಮಿ” ಎಂದರು ಹೆಂಡತಿ.

ಐದಕ್ಕೆ ಮುಗಿಯಿತು. ಮದ್ದನ್ನು ನಾನು ಏಳಕ್ಕೇ ಕೊಟ್ಟೆ, ಅದು ಅವರಿಗೆ ಗೊತ್ತಿಲ್ಲ. ಸರ್ಜನ್ ತಾವೂ ನೋಡುತ್ತೇನೆಂದು ಮಾರನೆಯ ದಿನ ಟವಲಿನೊಳಗೆ ಕೈಯಿಟ್ಟು, ಗಾಬರಿಯಾಗಿ ನನ್ನ ಹತ್ತಿರ ಬಂದು, ಒಂಬತ್ತಂತೆ, ಮದ್ದು ಜಾಸ್ತಿ ಮಾಡಿ ಎಂದರು. ಅದು ಅವರು ಹೇಳಿದ ಬೆಲೆ, ನೀವೆಷ್ಟಕ್ಕೆ ಕೇಳಿದಿರಿ ಎಂದೆ. ನಾನೂ ಕೇಳಬೇಕಿತ್ತಾ ಎಂದರು.

ಕೊಳವೆ ತೆಗೆದ ಮೇಲೆ ಮಾತು ಬಂತು, ಆದರೆ ತೊದಲು. ಒಂದೆರಡು ಸಲ ಪ್ರಯತ್ನಿಸಿ, ತಮ್ಮ ದನಿ ತಾವೇ ಕೇಳಿಸಿಕೊಂಡು, ಯಜಮಾನರು ಸುಮ್ಮನಾಗಿಬಿಟ್ಟರು. ಮನೆಗೆ ಹೋಗುವಾಗಲೂ ಕೈಮುಗಿದರೇ ಹೊರತು ತುಟಿ ಬಿಚ್ಚಲಿಲ್ಲ. ಜೀವ ಉಳಿಸಿದೆವೆಂದು ಆಸ್ಪತ್ರೆಯವರೆಲ್ಲ ಬೀಗುತ್ತಿದ್ದರು. ನನಗೆ ಮಾತ್ರ ಸಂಕಟವಾಯಿತು. ಇವರ ಜೀವ ಉಳಿಸಿ ಜೀವನ ಕಿತ್ತುಕೊಂಡೆವೇನೋ ಅನ್ನಿಸುತ್ತಿತ್ತು.

ಕೆಲವು ತಿಂಗಳ ಮೇಲೆ ತಪಾಸಣೆಗೆ ಬಂದರು. ಹೊಸ ಪಂಚೆ, ಹೊಸ ಚಪ್ಪಲಿ. ಸರ್ಜನ್ ನೋಡಿ, ಎಲ್ಲೂ ಮತ್ತೆ ಗಂಟಿಲ್ಲ, ಹುಣ್ಣಿಲ್ಲ ಎಂದರು. ಕಸುಬಿನ ವಿಷಯ ಕೇಳಲು ನನಗೆ ಬಾಯಿ ಬರಲಿಲ್ಲ. ಅದರ ಬದಲು, ಮೈಸೂರಿನಲ್ಲಿ ಮಾತು ತಿದ್ದುವವರಿದ್ದಾರೆ, ಕೆಲವು ತಿಂಗಳು ಹೋಗಿ ಅಭ್ಯಾಸ ಮಾಡಿದರೆ ಈ ತೊದಲು ಬಹಳಷ್ಟು ಹೋಗುತ್ತದೆ, ಚೀಟಿ ಬರೆದುಕೊಡುತ್ತೇನೆ ಎಂದೆ.

ಯಜಮಾನರು ನನ್ನ ಪೆನ್ನಿನ ಮೇಲೆ ಕೈ ಅಡ್ಡ ಇಟ್ಟರು. ತಡೆತಡೆದು, ಒಂದೊಂದೇ ಮಾತು ಹೊರಗೆ ತಂದರು.

“ಬ್ಯಾಡಿ ಕಣವ್ವ. ಮುಂಚೆ ಬಾಯ್ತುಂಬ ಮಾತಾಡ್ತಿದ್ದೆ, ಒಬ್ನೂ ನಂಬ್ತಿರ್ಲಿಲ್ಲ. ಈಗ, ಪಾಪ, ಇಷ್ಟು ಕಷ್ಟಪಟ್ಕಂಡು ಯಾರಾದ್ರೂ ಸುಳ್ಳು ಏಳ್ತಾರಾ ಅಂತ ನಾನೇಳಿದ್ ಬೆಲೆಗೇ ಎತ್ತ ಹೊಡ್ಕೊಂಡೋಯ್ತಾವ್ರೆ. ನಾಲ್ಗೆ ಸರಿ ಮಾಡಿ ಒಟ್ಟೆ ಮ್ಯಾಲೆ ಹೊಡೀಬ್ಯಾಡಿ.”